ನನ್ನ ಟೋಪಿಯನ್ನು ಔರಾದಿಗೆ ಕಳಿಸಿ

ಅಂಗವಿಕಲರಿಗೆ ಸಲಕರಣೆ ಹಂಚುವ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಕಣ್ಣಿನ ಯಂತ್ರವನ್ನು ಒಯ್ದು ತಲೆಗೊಂದು ಟೋಪಿ ಕೊಟ್ಟಿದ್ದೀರಿ. ಟೋಪಿ ಹಾಕುವುದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. ಸಭ್ಯತೆಯಿಂದಾಗಿ ಅದನ್ನು ಎತ್ತುವುದಿಲ್ಲ.

ಭಾಲ್ಕಿಯ ತಹಶೀಲ ಕಚೇರಿ ಎದುರು ಹದಿನೆಂಟು ವರ್ಷ ಜನರ ಅರ್ಜಿ ಟೈಪು ಮಾಡಿದವನು ನಾನು. ನರಗಳ ಕಾಯಿಲೆ ಮೊದಲು ಕೈ ಕಸಿಯಿತು, ಬಳಿಕ ಮಾತು. ಬುದ್ಧಿ, ಕಣ್ಣು ನೆಟ್ಟಗಿವೆ. ಬೀದರಿನ ಶಿಬಿರದಲ್ಲಿ ನೀವೇ ಒಂದು ತಿಂಗಳ ಮಟ್ಟಿಗೆ ಕಣ್ಣಿನ ಯಂತ್ರ ಕೊಟ್ಟಿರಿ. ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರವನ್ನು ದಿಟ್ಟಿಸಿದರೆ ಸಾಕು, ಮೂಡುತ್ತದೆ. ಬಿಸಿಲು ಬಿದ್ದರೆ ಅದಕ್ಕೂ ಕಣ್ಣು ಕುಕ್ಕುತ್ತದೆ. ನನ್ನ ಹೆಂಡತಿ ಶಮೀಮ ಕಿಟಕಿಗೆ ಕಂಬಳಿ ಕಟ್ಟಿದಳು.

ಆ ವಾರವೇ ಖಟಕ ಚಿಂಚೋಳಿಯ ಅನುಸೂಯಾಬಾಯಿ ಬಂದರು. ಬರಗಾಲ, ಕೂಲಿಯಿಲ್ಲ, ಗಂಡ ಹೆಂಡತಿ ಹೈದರಾಬಾದಿಗೆ ಹೊರಟಿದ್ದರು. "ಮಗಳು ಹತ್ತನೇ ಕ್ಲಾಸಿನಾಗ ಅದಾಳರಿ. ಸಾಲಿ ಬಿಡಸಂಗಿಲ್ರಿ, ಹಾಸ್ಟೆಲ್ಲಿಗಿ ಹಾಕಬೇಕು. ನೀವು ಬರದ್ರ ಕೆಲಸ ಆಗ್ತದ ಅಂತಾರ." ಐವತ್ತು ನಿಮಿಷ ಅಕ್ಷರಗಳನ್ನು ದಿಟ್ಟಿಸಿದೆ. ಮೂರನೆಯ ದಿನ ಹುಡುಗಿಗೆ ಜಾಗ ಸಿಕ್ಕಿತು. ಕೈ ನಿಂತು ಎರಡು ವರ್ಷಗಳಾದ ಮೇಲೆ ನಾನು ಮತ್ತೆ ಯಾರಿಗೋ ಬೇಕಾಗಿದ್ದೆ. ಕಣ್ಣಲ್ಲಿ ನೀರು ಬಂದಾಗ ಶಮೀಮ ಒರೆಸಿ, ಹೀಗೆ ಅತ್ತರೆ ಯಂತ್ರಕ್ಕೆ ಕಾಣಿಸುವುದಿಲ್ಲ ಎಂದು ನಕ್ಕಳು.

ತಿಂಗಳಾಗುತ್ತಲೇ ನಿಮ್ಮ ಸಿಬ್ಬಂದಿ ಬಂದರು. "ನಿಮಗ ಮಂಜೂರಾಗಿದ್ದು ಮಿದುಳಿನ ಟೋಪಿ ಅದರಿ. ಹೊಸಾ ತಂತ್ರಜ್ಞಾನ. ಮನಸ್ಸಿನಾಗ ಅಂದ್ಕೊಂಡ್ರ ಬರೀತದ." ತಲೆಗೆ ಅಂಟು ಹಚ್ಚಿ, ಟೋಪಿ ತೊಡಿಸಿ, ಫೋಟೊ ತೆಗೆದರು. ಪರದೆಯ ಮೇಲೆ ಅಕ್ಷರಗಳು ಮಿಣುಕಿದವು, ಬೇಕಾದದ್ದು ಮಿಣುಕಿದಾಗಲೆಲ್ಲ ಮನಸ್ಸಿನಲ್ಲೇ ಎಣಿಸಬೇಕು. 'ನೀರು' ಎಂದು ಬರೆಯಹೋದೆ, ಅರ್ಧ ಗಂಟೆಯಲ್ಲಿ 'ನೂರು' ಬಂತು.

ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿ ನಮ್ಮದು. ಶಮೀಮ ಕೇಳಿದಳು: "ಸಾಹೇಬ್ರ, ಈ ಅಂಟು ದಿನಾ ತೊಳೀಲಾಕ ನೀರೂ ಮಂಜೂರ ಆಗ್ಯಾವೇನ್ರಿ?"

ಉತ್ತರವಾಗಿ ಅವರು ನನ್ನ ಸತ್ತ ಹೆಬ್ಬೆರಳನ್ನು ಹಿಡಿದು ಸ್ವೀಕೃತಿಗೆ ಒತ್ತಿಕೊಂಡರು.

ಟೋಪಿ ಕೆಟ್ಟದ್ದಲ್ಲ, ಸ್ವಾಮಿ. ಔರಾದಿನ ದಸ್ತಗೀರನಿಗೆ ಕಣ್ಣುಗುಡ್ಡೆಯೂ ಅಲುಗದು. ಶಿಬಿರದಲ್ಲಿ ಅದೇ ಟೋಪಿ ತೊಟ್ಟು ಆತ 'ಹೌದು', 'ಇಲ್ಲ' ಎಂದು ಉತ್ತರಿಸಿದ್ದನ್ನು ನಾನೇ ಕಂಡೆ. ಅವನಿಗೆ ನೀವು ಮಂಜೂರು ಮಾಡಿದ್ದೇನು? ನನ್ನಿಂದ ಒಯ್ದ ಕಣ್ಣಿನ ಯಂತ್ರ! ಈ ತೀರ್ಮಾನಕ್ಕೆ ಬರಲು ಎಷ್ಟು ಸಭೆಗಳಾದವು?

ಶಮೀಮ ವರ್ಣಮಾಲೆಯ ಮೇಲೆ ಬೆರಳಾಡಿಸಿ, ನಾನು ರೆಪ್ಪೆ ಬಡಿದು, ಈ ಪತ್ರ ಮುಗಿಯಲು ಒಂಬತ್ತು ದಿನ ಹಿಡಿಯಿತು. ನಿಮಗೆ ಒಂದು ಜೀಪು, ಒಂದು ಮುಂಜಾನೆ ಸಾಕು. ಅದಲು ಬದಲು ಮಾಡಿ. ಆದರೆ ಮೊದಲು ಔರಾದಿಗೆ ಹೋಗಿ. ಶಿಬಿರದಲ್ಲಿ ದಸ್ತಗೀರನ ತಾಯಿಗೆ ಪ್ರಶ್ನೆ ಕೇಳುವ ಸರದಿ ಬರುವ ಮೊದಲೇ ಟೋಪಿ ತೆಗೆದಿದ್ದರು. "ದುಖ್ತಾ ಕ್ಯಾ, ಬೇಟಾ?" ನೋವಾಗುತ್ತಿದೆಯೇ ಎಂದು ಮಗನನ್ನು ಕೇಳಲು ಆ ತಾಯಿ ಹಮೀದುನ್ನಿಸಾ, ಅವನ ಮಾತು ನಿಂತಾಗಿನಿಂದ, ಆರು ತಿಂಗಳು ಕಾದಿದ್ದಾರೆ.

ಇಂತಿ, ಇತರರ ಅರ್ಜಿ ಬರೆದು ಬರೆದು ಕೊನೆಗೆ ತಾನೇ ಅರ್ಜಿದಾರನಾದ,
ಅಬ್ದುಲ ವಾಹೀದ, ಭಾಲ್ಕಿ