ಮಂಗಳವಾರ ಬಾರದ ಬರಹ

ನ್ಯೆಂಡೊ, ಮಸಾಕ
14 ನವೆಂಬರ್ 2023, ಮಂಗಳವಾರ

ತಂಗಿ ಪೆರುಸಿಗೆ,

ನಿನ್ನ ಅಕ್ಕ ದೊರೊಕಾ ಬರೆಯುತ್ತಿದ್ದೇನೆ. ಹರಿದು ಹಾಕಬೇಡ, ಮೊದಲು ಓದು. ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ, ಮೊದಲು ಜಗಳ ಮುಗಿಯಲಿ. ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಈ ಕಾಗದವನ್ನು ಜಿಂಜಾಕ್ಕೆ ಹೋಗುವ ಟ್ಯಾಕ್ಸಿಯ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಸುತ್ತಿ ಬಳಸಿ ಮಾತಾಡುವುದಿಲ್ಲ. ನನ್ನ ಅಂಗಡಿಯ ವೆಬ್‌ಸೈಟಿಗೆ ಹದಿಮೂರು ತಿಂಗಳಿಂದ ಪ್ರತಿ ಮಂಗಳವಾರ ಬ್ಲಾಗ್ ಬರೆಯುತ್ತಿದ್ದ ‘ಕಿಸಾಚೆ’ ಎಂಬ ಹೆಂಗಸು ನೀನೇ ತಾನೆ?

ಸುಳ್ಳು ಹೇಳಬೇಡ. ನನಗೆ ಹೇಗೆ ತಿಳಿಯಿತೆಂದು ಮೊದಲಿನಿಂದ ಹೇಳುತ್ತೇನೆ.

ಕಳೆದ ವರ್ಷ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಅಮ್ಮ ಇದ್ದಾಗ ಮಸಾಕದ ಯಾವ ಹೆಣ್ಣಿನ ಮನೆಯಲ್ಲಿ, ಗಂಡಿನವರು ಹೆಣ್ಣು ಕೇಳಲು ಬರುವ ಕ್ವಾಂಜುಲ ಶಾಸ್ತ್ರವಾದರೂ ಹೆಂಗಸರು ಉಡುವ ಗೊಮೆಸಿ ನಮ್ಮಲ್ಲೇ ಹೊಲಿಯಬೇಕಿತ್ತು. ಅಮ್ಮ ಹೋದ ಮೇಲೆ ಹಳಬರು ಬಂದರು, ಹೊಸಬರು ಬರಲಿಲ್ಲ. ಎದುರುಗಡೆ ಫೋನ್ ರಿಪೇರಿ ಮಾಡುವ ಕಿಝಾ ಒಂದು ದಿನ ಬಂದು, “ನ್ಯಾಬೋ, ಈಗಿನ ಹೆಣ್ಮಕ್ಳು ರಸ್ತೆ ನೋಡ್ಕೊಂಡು ಅಂಗಡಿ ಹುಡುಕಲ್ಲ, ಫೋನ್ ನೋಡ್ಕೊಂಡು ಹುಡುಕ್ತಾರೆ. ಫೋನಲ್ಲಿ ನೀವು ಇಲ್ಲವೇ ಇಲ್ಲ” ಎಂದ. ಹುಡುಕಿ ತೋರಿಸಿದ. ನಾವು ನಾಲ್ಕನೆಯ ಪುಟದಲ್ಲಿ, ಸಿಮೆಂಟ್ ಅಂಗಡಿಯ ಕೆಳಗಿದ್ದೆವು. ನನಗೆ ಅಳು ಬಂತು ಪೆರುಸಿ.

ಅವನೇ ವೆಬ್‌ಸೈಟ್ ಮಾಡಿಕೊಟ್ಟು, ಬರೆಯಿರಿ ಎಂದ. ಬರೆದೆ. ‘ನಮ್ಮಲ್ಲಿ ಅತ್ಯುತ್ತಮ ಗೊಮೆಸಿಗಳು ದೊರೆಯುತ್ತವೆ, ಎಲ್ಲರೂ ಬನ್ನಿ.’ ಮೂರು ವಾರ ಅದನ್ನೇ ಹಿಂದುಮುಂದು ಮಾಡಿ ಬರೆದೆ. ಅವನು ನಗುತ್ತಾ ಹೇಳಿದ: “‘ಅತ್ಯುತ್ತಮ’ ಅಂತ ಯಾರಾದ್ರೂ ಹುಡುಕ್ತಾರಾ? ‘ಮಂಡಿಯೂರಿ ಏಳುವಾಗ ಗೊಮೆಸಿ ಜಾರದೇ ಇರೋಕೆ ಏನ್ಮಾಡ್ಬೇಕು’ ಅಂತ ಹುಡುಕ್ತಾರೆ. ಅದಕ್ಕೆ ಯಾರು ಚೆನ್ನಾಗಿ ಉತ್ತರ ಬರೀತಾರೋ ಅವರ ಬಾಗಿಲನ್ನ ಫೋನು ಮೊದ್ಲು ತೋರಿಸುತ್ತೆ. ಒಂದ್ಸಲ ಬರೆದು ಕೂತ್ರೆ ಆಗಲ್ಲ, ವಾರವಾರ ಬರೀಬೇಕು. ಅಂಗಳ ಗುಡಿಸಿದ್ರೆ ತಾನೇ ಮನೇಲಿ ಜನ ಇದಾರೆ ಅಂತ ಗೊತ್ತಾಗೋದು?”

ವಾರವಾರ ಬರೆಯಲು ನಾನೇನು ನಿನ್ನಂತೆ ಟೀಚರೇ? ಆಗ ಅವನು ಈ ಕಿಸಾಚೆಯನ್ನು ತಂದ. ಸಂಬಳ ಬೇಡವಂತೆ, ಕೊನೆಗೊಂದು ಗೊಮೆಸಿ ಹೊಲಿದುಕೊಟ್ಟರೆ ಸಾಕಂತೆ, ಅಳತೆ ಆಮೇಲೆ ಕಳಿಸುತ್ತಾಳಂತೆ. ಆವತ್ತೇ ನನ್ನ ಮೂಗಿಗೆ ವಾಸನೆ ಬಡಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅವಳು ಪ್ರಶ್ನೆಗಳನ್ನು ಬರೆದು ಕಳಿಸುತ್ತಿದ್ದಳು, ನಾನು ಉತ್ತರವನ್ನು ಫೋನಿಗೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದೆ. ಒಮ್ಮೆ ಮಾತಾಡೋಣ ಎಂದರೆ ಗಂಟಲು ಸರಿಯಿಲ್ಲ ಎಂದಳು. ಹದಿಮೂರು ತಿಂಗಳು ವಾಸಿಯಾಗದ ಗಂಟಲು!

ಆದರೆ ಬರೆಯುತ್ತಿದ್ದುದು ಎಂಥ ಬರಹ! ಸೊಂಟದ ಪಟ್ಟಿಯ ಗಂಟು ಎಲ್ಲಿ ಕೂರಬೇಕು, ಗರ್ಭಿಣಿಗೆ ಎಷ್ಟು ಬಟ್ಟೆ ಹೆಚ್ಚು ಬೇಕು, ಮದುಮಗಳ ಸೋದರತ್ತೆಗೆ ಯಾವ ಬಣ್ಣ ಒಪ್ಪುತ್ತದೆ. ಗಿರಾಕಿ ಎದುರಿಗೆ ಕೂತು ಕೇಳಿದ ಹಾಗೆ, ಅಮ್ಮ ಹೊಲಿಯುತ್ತಾ ಹೇಳಿದ ಹಾಗೆ. ನಾಲ್ಕು ತಿಂಗಳು ಏನೂ ಆಗಲಿಲ್ಲ. ನಾನು ಕಿಝಾನನ್ನು ಬೈದು ಓಡಿಸಿದೆ. ಐದನೆಯ ತಿಂಗಳು ಎಂಟೆಬ್ಬೆಯಿಂದ ಒಬ್ಬಳು ಮದುಮಗಳು ಬಂದಳು, ಫೋನಿನಲ್ಲಿ ನಮ್ಮ ಬರಹ ಹಿಡಿದುಕೊಂಡು. ಆಮೇಲೆ ಮದುವೆ ಚಪ್ಪರ ಹಾಕುವವರು ತಮ್ಮ ಪುಟದಿಂದ ನಮ್ಮ ಪುಟಕ್ಕೆ ದಾರಿ ತೋರಿಸಿದರು. ಆಗಸ್ಟಿನಲ್ಲಿ ನಾವೇ ಮೊದಲು ಬರತೊಡಗಿದೆವು. ಈ ಡಿಸೆಂಬರಿಗೆ ಹನ್ನೊಂದು ಕ್ವಾಂಜುಲಗಳ ಬಟ್ಟೆ ಒಪ್ಪಿಕೊಂಡು, ಇಬ್ಬರು ದರ್ಜಿಗಳನ್ನು ಇಟ್ಟುಕೊಂಡಿದ್ದೇನೆ.

ಸಂತೋಷಪಡಬೇಕಿತ್ತು. ನಾನು ಅನುಮಾನಪಟ್ಟೆ.

ಯಾಕೆಂದರೆ ಸೆಪ್ಟೆಂಬರಿನಲ್ಲಿ ಅವಳು ಗೊಮೆಸಿಯ ಒಳಗೆ ಸುತ್ತುವ ಕಿಕೋಯಿ ಬಟ್ಟೆಯ ಬಗ್ಗೆ ಬರೆದಳು. ಅದಕ್ಕೆ ಮೂರು ಮಡಿಕೆ ಹಾಕಬೇಕು: ಒಂದು ಸೊಂಟಕ್ಕೆ, ಒಂದು ಚಾಪೆಗೆ, ಒಂದು ಅತ್ತೆಯ ಕಣ್ಣಿಗೆ. ನಾನು ಅದನ್ನು ಅವಳಿಗೆ ಹೇಳಿರಲಿಲ್ಲ. ಅಮ್ಮನ ಅಳತೆ ಪುಸ್ತಕವನ್ನು ನೀನು ಯಾರಿಗೋ ಮಾರಿಕೊಂಡೆ ಎಂದು ಮೊದಲು ನನ್ನ ತಲೆಗೆ ಬಂತು. ಆದರೆ ಆ ಮಾತು ಪುಸ್ತಕದಲ್ಲಿ ಇಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ, ಗೊತ್ತು ಅಷ್ಟೇ. ಅಮ್ಮ ಅದನ್ನು ಬಾಯಲ್ಲಿ ಹೇಳುತ್ತಿದ್ದಳು, ಹೊಲಿಗೆ ಯಂತ್ರದ ಪಕ್ಕ ಕೂತ ನಮ್ಮಿಬ್ಬರಿಗೇ.

ಹಾಗಾಗಿ ಗಾಳ ಹಾಕಿದೆ. ಕಳೆದ ತಿಂಗಳು ಕಿಸಾಚೆ ಕೇಳಿದಳು: ‘ನಿಮ್ಮ ತಾಯಿಯ ಅಳತೆ ಪುಸ್ತಕ ಈಗಲೂ ಇದೆಯೇ? ಅದರ ಬಗ್ಗೆ ಬರೆದರೆ ಓದುಗರು ಬಹಳ ಮೆಚ್ಚುತ್ತಾರೆ.’ ಇವಳ ಹಿಂದೆ ಪೆರುಸಿ ಇದ್ದರೆ ಇವತ್ತು ಗೊತ್ತಾಗಲಿ ಎಂದುಕೊಂಡು ಹೇಳಿಬಿಟ್ಟೆ: “ಎಲ್ಲಿದೆ? ಅಮ್ಮನ ಹೆಣ ಮನೇಲಿರೋವಾಗ್ಲೇ ನನ್ ತಂಗಿ ಕದ್ಕೊಂಡು ಹೋದ್ಲು. ಬರಿ ಬೇಕಾದ್ರೆ.”

ಅವಳು ಬರೆಯಲಿಲ್ಲ. ಆ ಮಂಗಳವಾರ ಬರಹ ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಂದು ಗೆದ್ದವಳ ಹಾಗೆ ನಕ್ಕೆ. ಆಮೇಲೆ ಹಳೆಯ ಬರಹಗಳನ್ನೆಲ್ಲ ಕೂತು ಓದಿದೆ. ಅವಳು ಗೊಮೆಸಿ ಎಂದೇ ಬರೆಯುತ್ತಾಳೆ, ಜನ ಹುಡುಕುವುದು ಆ ಹೆಸರಿನಲ್ಲೇ ಅಂತೆ. ಆದರೆ ಪ್ರತಿ ಬರಹದ ಕೊನೆಯಲ್ಲಿ ಒಂದೇ ಒಂದು ಸಲ ಗೊಮೆಸಿಯ ಹಳೆಯ ಹೆಸರು ಇದೆ. ಊರೆಲ್ಲ ‘ಬೋಡಿಂಗಿ’ ಎನ್ನುವುದನ್ನು ಅವಳು ‘ಬೋಂಡಿಂಗಿ’ ಎಂದು ಬರೆದಿದ್ದಾಳೆ. ಆ ತಪ್ಪು ಕಾಗುಣಿತ ಈ ಭೂಮಿಯ ಮೇಲೆ ಅಮ್ಮನೊಬ್ಬಳದು. ನೀನು ಟೀಚರಾದ ಮೇಲೂ ತಿದ್ದಲು ಹೋಗಿ ಬೈಸಿಕೊಂಡಿದ್ದೆ, ನೆನಪಿದೆಯಾ?

ಕಿಝಾನ ಕೊರಳಪಟ್ಟಿ ಹಿಡಿದೆ. ಬಾಯಿಬಿಟ್ಟ. “ಬ್ಲಾಗ್ ಶುರು ಮಾಡೋಕೆ ಮುಂಚೆ ನಿಮ್ಮನ್ನ ಯಾರು ಹುಡುಕ್ತಾರೆ ಅಂತ ನೋಡ್ದೆ ನ್ಯಾಬೋ. ಯಾರೂ ಇಲ್ಲ. ವಾರಕ್ಕೊಂದ್ಸಲ ಒಬ್ರು ಮಾತ್ರ, ಜಿಂಜಾ ಕಡೆಯಿಂದ. ‘ದೊರೊಕಾ ಬೋಂಡಿಂಗಿ’ ಅಂತ ಹುಡುಕೋರು. ಆಮೇಲೆ ಅವ್ರೇ ನನಗೆ ಬರೆದ್ರು, ಈ ‘ಅತ್ಯುತ್ತಮ’ ಅನ್ನೋದನ್ನ ಮೊದ್ಲು ತೆಗಿಯಪ್ಪಾ, ನಮ್ಮಮ್ಮನ ಮಾನ ಹೋಗುತ್ತೆ ಅಂತ.”

ಈಗ ನನ್ನ ಪ್ರಶ್ನೆ. ಯಾಕೆ ಮಾಡಿದೆ? ಮೇಲೆತ್ತಿ ಕೈಬಿಡಲೆಂದೇ? ಈ ಗಿರಾಕಿಗಳೆಲ್ಲ ನಿನ್ನ ಬರಹಕ್ಕೆ ಬಂದವರು. ನಾಳೆ ನೀನು ಜಿಂಜಾದಲ್ಲಿ ಅಂಗಡಿ ಹಾಕಿದರೆ ನಿನ್ನ ಹಿಂದೆಯೇ ಬರುತ್ತಾರೆ. ಹೀಗೆಲ್ಲ ಯೋಚಿಸುತ್ತೇನೆ ಎಂದು ಬೇಸರಿಸಬೇಡ, ನನ್ನ ಬುದ್ಧಿಯೇ ಹಾಗೆ, ಹಗ್ಗ ಕಂಡರೂ ಹಾವು. ಬರೆಯುವುದು ನಿಂತರೆ ಕೆಲವು ತಿಂಗಳಲ್ಲಿ ಕೆಳಗಿಳಿಯುತ್ತೇವೆ ಎನ್ನುತ್ತಾನೆ ಕಿಝಾ. ಈ ಇಬ್ಬರು ದರ್ಜಿಗಳಿಗೆ ಏನು ಹೇಳಲಿ? ಮತ್ತೆ ಆ ಸಿಮೆಂಟ್ ಅಂಗಡಿಯ ಕೆಳಗೆ ಹೋಗಿ ಕೂರಲೇ?

ಅದೂ ಸುಳ್ಳು. ಅಂಗಡಿಯದ್ದಲ್ಲ ನನ್ನ ಚಿಂತೆ. ಹದಿಮೂರು ತಿಂಗಳು ನಾನು ಮಂಗಳವಾರಕ್ಕೆ ಕಾಯುತ್ತಿದ್ದೆ. ಈ ವರ್ಷವಿಡೀ ನನ್ನನ್ನು ಇಷ್ಟು ಪ್ರಶ್ನೆ ಕೇಳಿದವರು ಇನ್ನೊಬ್ಬರಿಲ್ಲ.

ಬರೆ ಪೆರುಸಿ. ಬಯ್ಯುವುದಿದ್ದರೆ ಬಯ್ದೇ ಬರೆ. ನಿನ್ನ ಕೂಲಿಯ ಗೊಮೆಸಿ ಹೊಲಿದು ಈ ಕಾಗದದ ಜೊತೆಯೇ ಕಳಿಸಿದ್ದೇನೆ. ಭುಜ ಹದಿನೈದು, ಎದೆ ಮೂವತ್ತಾರು, ಸೊಂಟ ಇಪ್ಪತ್ತೊಂಬತ್ತು. ಬಿಗಿಯಾದರೆ ಬಿಡಿಸಿಕೊಳ್ಳಲು ಒಳಗೆ ಬಟ್ಟೆ ಬಿಟ್ಟಿದ್ದೇನೆ.

ಈಗ ಕೇಳುತ್ತೇನೆ: ಚೆನ್ನಾಗಿದ್ದೀಯಾ?

ನಿನ್ನ ಅಕ್ಕ,
ದೊರೊಕಾ

ಮರೆತ ಮಾತು: ನಿನ್ನ ಅಳತೆ ನನಗೆಲ್ಲಿ ಸಿಕ್ಕಿತೆಂದು ನೀನು ಕೇಳಿಯೇ ಕೇಳುತ್ತೀಯ. ಅಮ್ಮನ ಪುಸ್ತಕದ ನಲವತ್ತನೆಯ ಪುಟದಲ್ಲಿ. ನಿನ್ನ ಇಪ್ಪತ್ತನೆಯ ವಯಸ್ಸಿನದು, ಅಮ್ಮನ ಕೈಬರಹ. ಅವಳು ಸತ್ತು ಎಂಟು ತಿಂಗಳಿಗೆ ನನ್ನ ಪೆಟ್ಟಿಗೆಯ ತಳದಲ್ಲಿ, ನಾನೇ ಸುತ್ತಿಟ್ಟ ಹಾಸಿಗೆ ಬಟ್ಟೆಯೊಳಗೆ ಸಿಕ್ಕಿತು. ಅಷ್ಟು ಹೊತ್ತಿಗೆ ನೀನು ಕಳ್ಳಿ ಎಂದು ಸೋದರತ್ತೆಗೂ ಕುಲದವರಿಗೂ ಹೇಳಿ ಆಗಿತ್ತು, ತಿರುಗಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಕಳೆದ ತಿಂಗಳು ಗಾಳ ಹಾಕಿದೆನಲ್ಲ, ಆಗಲೂ ಪುಸ್ತಕ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಗೊಮೆಸಿಯ ಮಡಿಕೆಯೊಳಗೆ ಇಟ್ಟಿದ್ದೇನೆ, ತೆಗೆದುಕೋ. ಈ ಮಂಗಳವಾರದ ಬರಹ ನಾನೇ ಬರೆದೆ. ‘ಅತ್ಯುತ್ತಮ’ ಎಂಬ ಪದ ಹಾಕಿಲ್ಲ. ಯಾರು ಕದಿಯಲಿಲ್ಲ, ಯಾರು ಸುಳ್ಳು ಹೇಳಿದರು, ಎಲ್ಲ ಹೆಸರು ಸಮೇತ ಇದೆ. ಸೋದರತ್ತೆ ಆಗಲೇ ಓದಿ ಫೋನ್ ಮಾಡಿ ಉಗಿದಾಯಿತು. ನೀನು ‘ಪೆರುಸಿ ಬೋಂಡಿಂಗಿ’ ಎಂದು ಹುಡುಕು, ಅಮ್ಮನ ಕಾಗುಣಿತದಲ್ಲೇ. ಮೊದಲು ಬರುವುದು ಅದೇ.