ಅರಬಾಬರ ಉದ್ದ ನಳಿಗೆಯ ಪಿಸ್ತೂಲು

ಉಮ್ಮ್ ಸಲಾಲ್

ಪ್ರೀತಿಯ ಶಮ್ನಾ,

ಗೆಳೆಯ ಅಝರ್ ಕಳಿಸಿದ ಫೋಟೋ ನೋಡಿ ಹೆದರಬೇಡ. ನನ್ನ ಕೈಯಲ್ಲಿರುವುದು ನಾನು ಕಾರು ಓಡಿಸುವ ಮನೆಯ ಯಜಮಾನರ, ಅದೇ ನಮ್ಮ ಅರಬಾಬರ, ಪಿಸ್ತೂಲು. ಹೆಗಲಿಗೆ ಆಪರೇಷನ್ ಆದ ಮೇಲೆ ಅವರಿಗೆ ಅಲ್ಲಿಗೆ ಆನಿಸಿ ಕೋವಿ ಹಿಡಿಯಲಾಗುವುದಿಲ್ಲ. ಮುಂದಿನ ತಿಂಗಳು ಪರದೇಶದಲ್ಲಿ ಮೊಲದ ಬೇಟೆಗೆ ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಪಿಸ್ತೂಲು ಬೇಕಿತ್ತು.

ಅಂಗಡಿಯಲ್ಲಿ ಎರಡನ್ನು ನನ್ನ ಕೈಗಿತ್ತು, "ಯಲ್ಲಾ ಸರ್ಫರಾಝ್, ಬೇಗ, ಯಾವುದೆಂದು ನೀನೇ ಹೇಳು" ಎಂದರು. ಗಿಡ್ಡ ನಳಿಗೆಯದು ಹಗುರ. ಅದನ್ನು ತೋರಿಸಿದ್ದರೆ ಅವರೊಬ್ಬರೇ ಹೋಗುತ್ತಿದ್ದರು, ನಾನು ಆಗಲೇ ನಡೆಯುವ ನಿನ್ನ ತಂಗಿ ರಾಹಿಲಾಳ ನಿಕಾಹ್‌ಗೆ ಬರುತ್ತಿದ್ದೆ. ಆದರೆ ಗಿಡ್ಡ ನಳಿಗೆಯಲ್ಲಿ ಗುರಿ ತಪ್ಪಿ, ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಹೊಡೆದ ಮೊಲ ಎಲ್ಲೋ ಪೊದೆಯಲ್ಲಿ ನರಳಿ ಸತ್ತರೆ ಅವರಿಗೆ ಅನ್ನ ಇಳಿಯುವುದಿಲ್ಲ. ಉದ್ದ ನಳಿಗೆಯದನ್ನೇ ತೋರಿಸಿದೆ. ಅದು ಭಾರ, ಅವರ ಕೈಗೆ ಆಸರೆ ಬೇಕು. ಹಾಗಾಗಿ ನಾನೂ ಹೋಗಬೇಕು.

ಇದನ್ನು ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಕಾಗದ ಬರೆದು, ಊರಿಗೆ ಬರುವ ಅಝರ್ ಕೈಯಲ್ಲಿ ಕೊಟ್ಟಿದ್ದೇನೆ. ರಾಹಿಲಾಳಿಗೆ ಸೀರೆಯನ್ನೂ ಅವನೇ ತರುತ್ತಾನೆ, ಬ್ಲೌಸ್ ನೀನೇ ಹೊಲಿಸಿಕೊಡು.

ದಿನಾ ಸಂಜೆ ಅರಬಾಬರು ಖಾಲಿ ಪಿಸ್ತೂಲು ಹಿಡಿದು, ನನ್ನ ಹೆಗಲ ಮೇಲೆ ಕೈಯೂರಿ ಗುರಿ ಅಭ್ಯಾಸ ಮಾಡುತ್ತಾರೆ. ಬಲ ಹೆಗಲನ್ನು ಕೊಟ್ಟಿದ್ದೇನೆ. ಎಡದ್ದು ನೀನು ತಲೆಯಿಡುವ ಜಾಗ, ಕೇಳಿದರೂ ಕೊಡುವುದಿಲ್ಲ.

ನಿನ್ನ ಬೈಗುಳಕ್ಕೆ ಕಾದಿರುವ,
ಸರ್ಫರಾಝ್