ಹೊಟ್ಟೆಯೊಳಗಿನ ಮಗು ಯಾವ ವಿಭಾಗಕ್ಕೆ ಸೇರಿದ್ದು?

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನನ್ನ ಮಗಳಿಗೆ ನಾಯಿಕೆಮ್ಮು ಬಂದಿದೆ. ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ, ಹೆಸರೂ ಇಟ್ಟಿಲ್ಲ. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ತಮ್ಮದೇ ಮಕ್ಕಳ ವಾರ್ಡಿನಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದಾಳೆ. ಅವಳನ್ನು ಕಾಯಬಹುದಾಗಿದ್ದ ಲಸಿಕೆ ಇದೇ ಕಟ್ಟಡದಲ್ಲಿತ್ತು. ಕೇಳಿಕೊಂಡು ನಾವು ಬಂದಿದ್ದೆವು. ಕೊಡಲಿಲ್ಲ. ಏಕೆಂದು ತಮಗೂ ಊರಿಗೂ ಒಟ್ಟಿಗೇ ತಿಳಿಯಲಿ ಎಂದು ಈ ಪತ್ರದ ಒಂದು ಪ್ರತಿಯನ್ನು ತಮ್ಮ ಕೋಣೆಗೆ ಕಳಿಸಿ, ಇನ್ನೊಂದನ್ನು ಆಸ್ಪತ್ರೆಯ ಗೇಟಿಗೆ ಅಂಟಿಸುತ್ತಿದ್ದೇನೆ.

ನಾನು ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ, ಆದರೆ ಓದಲು ಬರುತ್ತದೆ. ಅದೇ ಗೇಟಿನ ಮೇಲೆ ತಾವೇ ಅಂಟಿಸಿದ ಬಣ್ಣದ ಚಿತ್ರಪಟವೊಂದಿದೆ. ಹಸುಗೂಸಿಗೆ ಅದರದೇ ಲಸಿಕೆ ಶುರುವಾಗಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಅಮ್ಮನಿಂದ ಬಂದ ರಕ್ಷಣೆಯೇ ಅದಕ್ಕೆ ದಿಕ್ಕು, ಆದ್ದರಿಂದ ಗರ್ಭಿಣಿಯರು ಹೆರಿಗೆಗೆ ಮೊದಲೇ ಚುಚ್ಚುಮದ್ದು ಕೇಳಿ ಪಡೆಯಿರಿ ಎಂದು ಅದರಲ್ಲಿದೆ. ಕೇಳಿ ಪಡೆಯಿರಿ! ಹೆಂಡತಿಗೆ ಏಳು ತಿಂಗಳು ತುಂಬಿದಾಗ ಅಂಗಡಿ ಮುಚ್ಚಿ ಇಬ್ಬರೂ ಕೇಳಲು ಬಂದೆವು.

ಮೊದಲ ಮಹಡಿಯಲ್ಲಿ ಎರಡು ಬಾಗಿಲುಗಳು ಎದುರುಬದುರಾಗಿವೆ, ತಾವು ನೋಡಿರಬಹುದು. ಎಡಕ್ಕೆ ಗರ್ಭಿಣಿಯರ ವಿಭಾಗ, ಬಲಕ್ಕೆ ಮಕ್ಕಳ ವಿಭಾಗ, ನಡುವೆ ಒಂದು ಬೆಂಚು. ಗರ್ಭಿಣಿಯರಿಗೆಂದು ಬಂದ ಮದ್ದನ್ನು ತಾವು ಇಡಿಸಿರುವುದು ಬಲಗಡೆ, ಏಕೆಂದರೆ ಫ್ರಿಜ್ಜು ಇರುವುದು ಅಲ್ಲಿ. ಎಡಗಡೆಯವರು, ಮದ್ದು ನಮ್ಮಲ್ಲಿಲ್ಲ, ಎದುರಿಗೆ ಹೋಗಿ ಎಂದರು. ಎದುರಿನ ದಾದಿ ಒಳ್ಳೆಯವರೇ. ಮದ್ದು ಇದೆ ಎಂದು ಒಪ್ಪಿಕೊಂಡರು. ಆದರೆ ಅವರ ವಿಭಾಗದಲ್ಲಿ ಚೀಟಿ ಮಾಡುವುದು ಮಕ್ಕಳಿಗೆ ಮಾತ್ರವಂತೆ.

"ಮಗುನ ಕರ್ಕೊಂಡು ಬನ್ನಿ, ಹಾಕ್ತೀವಿ," ಎಂದರು.

ನನ್ನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು, "ಕರ್ಕೊಂಡೇ ಬಂದಿದೀನಲ್ಲ ಸಿಸ್ಟರ್," ಎಂದಳು.

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ದಾದಿ ನಕ್ಕರು, ನಾವೂ ನಕ್ಕೆವು. ಮೇಲಿನವರನ್ನು ಕೇಳಿ ಹೇಳುತ್ತೇವೆ, ಇನ್ನೊಮ್ಮೆ ಬನ್ನಿ ಎಂದು ಕಳಿಸಿದರು. ಇನ್ನೊಮ್ಮೆಯೂ ಬಂದೆವು, ಮತ್ತೊಮ್ಮೆಯೂ ಬಂದೆವು. ಮೇಲಿನವರೆಂದರೆ ತಾವೇ ತಾನೆ? ಅವರು ತಮ್ಮನ್ನು ಕೇಳಿದರೋ ಇಲ್ಲವೋ? ಕೇಳಿದ್ದರೆ ತಾವು ಯಾವ ಘನಕಾರ್ಯದಲ್ಲಿ ಮುಳುಗಿದ್ದಿರಿ? ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ನನ್ನ ಮಗಳಿಗಿರಲಿಲ್ಲ. ಅವಳು ಹುಟ್ಟಿಬಿಟ್ಟಳು.

ನನ್ನ ಅಮ್ಮನಿಗೆ ಆಗ ಬಹಳ ದಿನದಿಂದ ಕೆಮ್ಮಿತ್ತು. ಬಟ್ಟೆಯ ಧೂಳು ಎಂದುಕೊಂಡಿದ್ದೆವು. ದರ್ಜಿಗಳ ಮನೆಯಲ್ಲಿ ಯಾರು ಕೆಮ್ಮಿದರೂ ಹಾಗೇ ಅಂದುಕೊಳ್ಳುವುದು. ಪುಟ್ಟಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವಳು ಅವಳೇ. ಈಗ ವಾರ್ಡಿನೊಳಗೆ ಬರುವುದಿಲ್ಲ. ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತು, ಹೋಗಿಬರುವ ನನ್ನನ್ನು ಒಂದೇ ಮಾತು ಕೇಳುತ್ತಾಳೆ: "ನನ್ನ ಕೈಯಾರೆ ಕೊಟ್ಟೆನೇನೋ?"

ಇಲ್ಲಮ್ಮ ಅನ್ನುತ್ತೇನೆ. ಅವಳು ನಂಬುವುದಿಲ್ಲ. ಅವಳ ತಲೆಯ ಮೇಲೆಯೇ ಆ ಚಿತ್ರಪಟವಿದೆ.

ಹೆಸರು ಕೇಳಿ ಮೋಸಹೋದೆವು, ಮಾನ್ಯರೇ. ಕೆಮ್ಮಿನ ಕಾಯಿಲೆ, ಬಂದರೆ ಕೇಳಿಸುತ್ತದೆ ಎಂದುಕೊಂಡಿದ್ದೆವು. ಇಷ್ಟು ಸಣ್ಣ ಮಕ್ಕಳು ಕೆಲವೊಮ್ಮೆ ಕೆಮ್ಮುವುದೇ ಇಲ್ಲವಂತೆ, ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತವಂತೆ. ಆವತ್ತು ಪುಟ್ಟಿ ಇದ್ದಕ್ಕಿದ್ದಂತೆ ಸದ್ದಿಲ್ಲದೆ ಮಲಗಿದ್ದಾಗ, "ನಿದ್ದೆ ಬಂದಿದೆ, ಎಬ್ಬಿಸ್ಬೇಡ" ಎಂದವನು ನಾನೇ. ನನ್ನ ಮಾತು ಕೇಳದೆ ಹೆಂಡತಿ ಬಾಗಿ ನೋಡಿದಳು. ತುಟಿ ನೀಲಿಯಾಗಿತ್ತು. ಎತ್ತಿಕೊಂಡು ಓಡಿದ ದಾರಿ ಯಾವುದೆಂದು ಈಗಲೂ ನನಗೆ ನೆನಪಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಅವಳು ಕೆಮ್ಮಿ ಮುಖವೆಲ್ಲ ಕೆಂಪಾದಾಗ ನನಗೆ ಸಮಾಧಾನ, ಏಕೆಂದರೆ ಕೆಮ್ಮಲಿಕ್ಕೆ ಉಸಿರಿದೆ ಎಂದಾಯಿತು. ಸುಮ್ಮನಾದರೆ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅಷ್ಟು ಸಣ್ಣ ಉಸಿರು ಅದಕ್ಕೆ ತಾಗುವುದೇ ಇಲ್ಲ. ಆಗ ಹೆಂಡತಿಯನ್ನು ಕರೆದು, ನೀನೊಮ್ಮೆ ನೋಡು ಅನ್ನುತ್ತೇನೆ. ಉಳಿಯುತ್ತಾಳಾ ಎಂದು ಡಾಕ್ಟರರನ್ನು ಕೇಳಿದರೆ, ಇನ್ನೂ ಏನೂ ಹೇಳಲಾಗದು ಅನ್ನುತ್ತಾರೆ. ಅವರು ಸುಳ್ಳು ಹೇಳುವವರಲ್ಲ, ನನಗೆ ಭಯ ಅದಕ್ಕೇ.

ನನ್ನ ಬೇಡಿಕೆ ದೊಡ್ಡದಲ್ಲ. ಸಮಿತಿ ಬೇಡ, ತನಿಖೆ ಬೇಡ, ಹೊಸ ಚಿತ್ರಪಟವಂತೂ ಬೇಡವೇ ಬೇಡ. ಬಲಬಾಗಿಲಿನ ಮದ್ದನ್ನು ಎಡಬಾಗಿಲಿಗೆ ದಾಟಿಸಿ. ನಡುವೆ ಇರುವುದು ಒಂದು ಬೆಂಚು ಮಾತ್ರ.

ಈ ಪತ್ರವನ್ನು ಅದೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಈಗ ತಾನೇ ತುಂಬು ಬಸುರಿಯೊಬ್ಬಳು ಎಡಬಾಗಿಲಿಂದ ಬಂದು ಬಲಬಾಗಿಲಿಗೆ ಹೋದಳು, ತಿರುಗಿ ಬಂದು ನನ್ನ ಪಕ್ಕ ಕೂತಳು. "ಮಗುನ ಕರ್ಕೊಂಡು ಬರ್ಬೇಕಂತೆ ಅಣ್ಣ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮನೆಗೆ ಹೋಗಬೇಡಮ್ಮ, ಸಾಹೇಬರು ಈಗ ಇಳಿದು ಬರುತ್ತಾರೆ ಎಂದು ಹೇಳಿ ಕೂರಿಸಿದ್ದೇನೆ. ತಮ್ಮ ಕೋಣೆ ಇದರ ಮೇಲಿನ ಮಹಡಿಯಲ್ಲಿದೆ. ಅವಳು ಮೆಟ್ಟಿಲ ಕಡೆಗೇ ನೋಡುತ್ತಿದ್ದಾಳೆ.

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟುಬಿಟ್ಟ
ಪುಟ್ಟಿಯ ಅಪ್ಪ